ಸೊನ್ನೆ ಒತ್ತಿದ ಬೆರಳು

ಆಫೀಸಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಇರಲಿಲ್ಲ. ಪುಟ ಕಟ್ಟುವವಳು ಪುಟದಮ್ಮ, ಅಷ್ಟೆ. ಆ ಹೆಸರಿಟ್ಟವರು ಕರಡು ತಿದ್ದುವ ಮೇಷ್ಟ್ರು. ಕರಡು ತಿದ್ದುತ್ತಾರೆಂದೂ, ಕಿವಿಯ ಮೇಲೆ, ಕತ್ತಿನ ಹಿಂದೆ ಧಾರಾಳವಾಗಿ ಕೂದಲಿದೆಯೆಂದೂ ಅವರಿಗೆ ಉಳಿದವರು ಕರಡಿ ಮೇಷ್ಟ್ರು ಎಂದು ಹೆಸರಿಟ್ಟು ಲೆಕ್ಕ ಚುಕ್ತಾ ಮಾಡಿದ್ದರು. ಇಬ್ಬರೂ ಒಂದೇ ಕಿಟಕಿಯ ಆ ಬದಿ ಈ ಬದಿ ಕೂತು ಅರ್ಧ ಆಯುಷ್ಯ ಕಳೆದವರು. ಲೇಖಕರ ಕೈಬರಹ ಬಂದರೆ ಪುಟದಮ್ಮ ಟೈಪು ಮಾಡುವಳು, ಮೇಷ್ಟ್ರು ಕೆಂಪು ಪೆನ್ನಿನಲ್ಲಿ ತಿದ್ದುವರು, ಅವಳು ಪುಟ ಕಟ್ಟಿ ಅಚ್ಚಿಗೆ ಕಳಿಸುವಳು.

ಅವಳ ಬಂಡವಾಳವೇ ಕಣ್ಣು. ಎರಡು ಸಾಲುಗಳ ನಡುವೆ ಕೂದಲೆಳೆಯಷ್ಟು ಜಾಗ ಹೆಚ್ಚಾದರೂ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡವಳಂತೆ ಮುಖ ಮಾಡುತ್ತಿದ್ದಳು. ಪ್ಯಾರಾದ ಕೊನೆಯ ಪದವೊಂದು ಒಂಟಿಯಾಗಿ ಮುಂದಿನ ಪುಟಕ್ಕೆ ಹೋಗಿ ಕೂತರೆ ಅದನ್ನು ‘ತಪ್ಪಿಸಿಕೊಂಡ ಮಗು’ ಎನ್ನುವಳು. ಹೇಗಾದರೂ ಮಾಡಿ ಅದನ್ನು ಮನೆಯವರ ಜೊತೆ ಸೇರಿಸುವವರೆಗೆ ಕಾಫಿ ಕುಡಿಯುತ್ತಿರಲಿಲ್ಲ. ಪುಸ್ತಕ ಓದಿದವರಾರೂ ಇದನ್ನು ಗಮನಿಸಿ ಹೊಗಳಿದ್ದಿಲ್ಲ. ಗಮನಕ್ಕೆ ಬಾರದಿರುವುದೇ ಆ ಕೆಲಸದ ಹೆಚ್ಚುಗಾರಿಕೆ ಎಂದು ಅವಳೂ ನಂಬಿದ್ದಳು.

ವರ್ಷ ಕಳೆದಂತೆ ಅಚ್ಚಿಗೆ ಹೋಗುವ ಪುಸ್ತಕಗಳು ಕಡಿಮೆಯಾದವು. ಗೋಡೆಗೆ ಒರಗಿಸಿಟ್ಟ ಕಟ್ಟುಗಳ ಮೇಲೆ ಧೂಳು ಕೂತಿತು. ಪ್ರಕಾಶನದ ಯಜಮಾನರ ಸೊಸೆ ಆಫೀಸಿಗೆ ಬಂದು, ಅವರ ಪಕ್ಕದ ಕೋಣೆಯಲ್ಲಿ ಟೇಬಲ್ ಹಾಕಿಸಿಕೊಂಡಳು. ಕರಡಿ ಮೇಷ್ಟ್ರು ವಾರದೊಳಗೆ ಆಕೆಗೂ ಹೆಸರಿಟ್ಟರು: ಹೊಸ ಆವೃತ್ತಿ. ಯಾರೋ ಅದನ್ನು ಯಜಮಾನರ ಕಿವಿಗೆ ಹಾಕಿದರೆ ಅವರು ಸಿಟ್ಟಾಗಲಿಲ್ಲ. “ಹಾಗಾದ್ರೆ ನಾನು ಹಳೇ ಆವೃತ್ತಿ. ಪ್ರತಿಗಳು ಮುಗಿದಿವೆ ಅಂತ ಬೋರ್ಡು ಹಾಕಿ” ಎಂದು ನಕ್ಕರು.

ಹೊಸ ಆವೃತ್ತಿ ಕೆಟ್ಟವಳಲ್ಲ. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಇರಲಿಲ್ಲ, ಅಷ್ಟೆ. ಒಂದು ಬೆಳಗ್ಗೆ ಕುರ್ಚಿ ಎಳೆದುಕೊಂಡು ಪುಟದಮ್ಮನ ಎದುರಿಗೇ ಕೂತಳು.

“ನೋಡಿ, ಇನ್ಮೇಲೆ ನಮ್ಮ ಪುಸ್ತಕಗಳೆಲ್ಲ ಫೋನಿನಲ್ಲಿ ಓದೋ ಹಾಗೆ ಬರಬೇಕು. ಅದನ್ನ ಮಾಡಿಕೊಡ್ತೀವಿ ಅಂತ ಹೊರಗಡೆ ಒಂದು ಕಂಪನಿ ಕಾದು ಕೂತಿದೆ. ಅವರಿಗೆ ಕೊಟ್ರೆ ಈ ಕಿಟಕಿ ಹತ್ರ ಟೇಬಲ್ ಬೇಕಾಗಲ್ಲ. ನೀವೇ ಕಲಿತು ಮಾಡ್ತೀನಿ ಅಂದ್ರೆ ನನಗೂ ಅದೇ ಇಷ್ಟ. ಒಂದು ಪುಸ್ತಕ ಮಾಡಿ ತೋರಿಸಿ. ಆಮೇಲೆ ತೀರ್ಮಾನ ಮಾಡೋಣ.”

“ಯಾವ ಪುಸ್ತಕ ಮೇಡಂ?”

“ಸಕ್ಕರೆ ಕಾಯಿಲೆ ಕೈಪಿಡಿ.”

ಕಾಯಿಲೆಯವರು ಮನೆಯಲ್ಲಿ ಏನೇನು ಎಚ್ಚರ ವಹಿಸಬೇಕೆಂದು ವೈದ್ಯರೊಬ್ಬರು ಬರೆದ ಆ ಪುಸ್ತಕ ಪ್ರಕಾಶನಕ್ಕೆ ಅನ್ನ ಹಾಕಿದ್ದು. ಮುದ್ರಣದ ಮೇಲೆ ಮುದ್ರಣ ಕಂಡಿತ್ತು. ಅದನ್ನು ಹಿಂದೆ ಟೈಪು ಮಾಡಿ ಪುಟ ಕಟ್ಟಿದವಳೂ ಪುಟದಮ್ಮನೇ. ಕೈಯಲ್ಲೇ ಬೆಳೆದ ಮಗುವಿಗೆ ಹೊಸ ಅಂಗಿ ತೊಡಿಸಿದಂತೆ ಎಂದುಕೊಂಡು ಅವಳು ಒಪ್ಪಿದಳು.

ಅಂಗಿ ತೊಡಿಸುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಮೊದಲ ಸಲ ಫೋನಿನಲ್ಲಿ ತೆರೆದಾಗ ಪುಸ್ತಕ ಕೋಳಿ ಕೆದರಿದ ತಿಪ್ಪೆಯಂತಿತ್ತು. ಅಧ್ಯಾಯದ ಹೆಸರು ಒಂದು ಕಡೆ, ಅಧ್ಯಾಯ ಇನ್ನೊಂದು ಕಡೆ. ಮುದ್ರಣದ ಪುಟದಲ್ಲಿ ತಲೆಬರಹವನ್ನು ನಡುವಿಗೆ ತರಲು ಅವಳು ಜಾಗದ ಕೀಲಿಯನ್ನು ಒತ್ತಿ ಒತ್ತಿ ತಳ್ಳಿದ್ದಳು. ಹೊಸ ಅಧ್ಯಾಯ ಹೊಸ ಪುಟಕ್ಕೆ ಬರಲೆಂದು ಖಾಲಿ ಸಾಲುಗಳನ್ನು ಪೇರಿಸಿದ್ದಳು. ಕಾಗದದ ಮೇಲೆ ಅದು ಯಾರಿಗೂ ಕಾಣದ ಉಪಾಯ; ಇಲ್ಲಿ ಆ ಖಾಲಿಗಳೆಲ್ಲ ಎದ್ದು ನಿಂತು ಸಾಕ್ಷಿ ಹೇಳುತ್ತಿದ್ದವು.

“ಪುಟ ಅನ್ನೋದನ್ನೇ ಮರೆತುಬಿಡಿ” ಎಂದಳು ಹೊಸ ಆವೃತ್ತಿ. “ಓದೋರು ಅಕ್ಷರ ದೊಡ್ಡದು ಮಾಡ್ಕೋತಾರೆ, ಚಿಕ್ಕದು ಮಾಡ್ಕೋತಾರೆ, ಫೋನನ್ನ ಅಡ್ಡ ಹಿಡೀತಾರೆ. ಆಗ ನೀವು ಕಟ್ಟಿದ ಪುಟ ಎಲ್ಲಿರತ್ತೆ? ತಲೆಬರಹ ದಪ್ಪಗೆ ಕಂಡ್ರೆ ಸಾಲದು, ಇದು ತಲೆಬರಹ ಅಂತ ಯಂತ್ರಕ್ಕೆ ಗೊತ್ತಾಗಬೇಕು.”

“ಪುಟ ಇಲ್ಲದ ಪುಸ್ತಕಕ್ಕೆ ಪುಟದಮ್ಮ ಯಾಕೆ ಅಂತ ನೇರವಾಗೇ ಕೇಳಿಬಿಡಿ ತಾಯಿ” ಎಂದು ಮೇಷ್ಟ್ರು ಕಿಟಕಿಯ ಆ ಬದಿಯಿಂದ ಹೇಳಿ ತಾವೊಬ್ಬರೇ ನಕ್ಕರು.

ಪುಟದಮ್ಮ ನಗಲಿಲ್ಲ. ಆದರೆ ಕಲಿತಳು. ಕಂಡದ್ದಕ್ಕೆ ಬೆಲೆ ಕಟ್ಟುವ ಕಣ್ಣಿಗೆ, ಕಾಣದ್ದಕ್ಕೆ ಬೆಲೆ ಕಟ್ಟುವುದನ್ನು ಕಲಿಸಿದಳು. ತಲೆಬರಹಕ್ಕೆ ತಲೆಬರಹವೆಂದೂ, ಟಿಪ್ಪಣಿಗೆ ಟಿಪ್ಪಣಿಯೆಂದೂ ಒಳಗಿನಿಂದ ಗುರುತು ಹಾಕಿದಳು. ಪರಿವಿಡಿಯ ಸಾಲನ್ನು ಮುಟ್ಟಿದರೆ ಸರಿಯಾದ ಅಧ್ಯಾಯವೇ ತೆರೆಯಬೇಕು. ಒಂದೊಂದನ್ನೂ ಮುಟ್ಟಿ ನೋಡಿದಳು. ಪುಸ್ತಕವನ್ನು ಹುಡುಕುವವರು ಯಾವ ಪದ ಹಾಕಿ ಹುಡುಕಬಹುದೆಂದು ಯೋಚಿಸಿ ಆ ಪದಗಳನ್ನು ಫೋನಿನಲ್ಲೇ ಪುಸ್ತಕ ಮಾರುವ ಅಂಗಡಿಯವರಿಗೆ ಬರೆದುಕೊಟ್ಟಳು. ಕಷ್ಟವಾದದ್ದು ಚಿತ್ರಗಳದು. ಕಣ್ಣಿಲ್ಲದವರಿಗೆ ಫೋನು ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಚಿತ್ರ ಬಂದಾಗ ಅದು ಏನು ಹೇಳಬೇಕೆಂದು ಯಾರಾದರೂ ಬರೆದಿಡಬೇಕು. ಪಾದದ ಚಿತ್ರಕ್ಕೆ ಅವಳು ‘ಕಾಲಿನ ಚಿತ್ರ’ ಎಂದು ಬರೆದಿದ್ದಳು.

“ಕಾಲು ಅಂತ ನನಗೂ ಗೊತ್ತಾಗತ್ತೆ. ಆ ಚಿತ್ರ ಅಲ್ಲಿ ಯಾಕಿದೆ ಅನ್ನೋದನ್ನ ಬರೀರಿ” ಎಂದು ಹೊಸ ಆವೃತ್ತಿ ಹಿಂದಿರುಗಿಸಿದಳು.

ಆ ಸಂಜೆ ಪುಟದಮ್ಮ ಅದನ್ನು ಅಕ್ಕನ ಹತ್ತಿರ ಕೇಳಿದಳು.

ಅಕ್ಕ ತಂಗಿ ಇಬ್ಬರೇ ಇರುವ ಮನೆ. ಕೆಳಗೆ ಗಡಿಯಾರ ರಿಪೇರಿ ಅಂಗಡಿ, ಮೇಲೆ ಎರಡು ಕೋಣೆ, ನಡುವೆ ಕಿರುಗುಟ್ಟುವ ಮರದ ಮೆಟ್ಟಿಲು. ಅಕ್ಕ ಆಸ್ಪತ್ರೆಯೊಂದರ ಟೆಲಿಫೋನ್ ಬೋರ್ಡಿನಲ್ಲಿ ಕೂತು ನಿವೃತ್ತಳಾದವಳು. ‘ಹಲೋ’ ಎಂದ ದನಿಯಲ್ಲೇ ಆ ಕಡೆಯವರು ಸತ್ಯ ಹೇಳುತ್ತಾರೋ ಸುಳ್ಳು ಹೇಳುತ್ತಾರೋ ತಿಳಿಯುತ್ತದೆ ಎನ್ನುತ್ತಿದ್ದಳು. ಸಕ್ಕರೆ ಕಾಯಿಲೆ ಅವಳ ಕಣ್ಣನ್ನು ಮೊದಲು ಮಂಜು ಮಾಡಿ, ಆಮೇಲೆ ಪೂರ್ತಿ ತೆಗೆದುಕೊಂಡು ಹೋಗಿತ್ತು. ಈಗ ಅವಳ ಸಂಗಾತಿ ಫೋನಿನೊಳಗೆ ಕೂತು ಓದಿ ಹೇಳುವ ದನಿ. ಅದಕ್ಕೆ ಬಾಯಮ್ಮ ಎಂದು ಹೆಸರಿಟ್ಟು, ಓದುವುದು ನಿಧಾನವಾದರೆ “ಏನು ಬಾಯಮ್ಮ, ಊಟ ಮಾಡಿಲ್ವ?” ಎಂದು ಗದರುತ್ತಿದ್ದಳು.

“ಪಾದದ ಚಿತ್ರಾನಾ?” ಎಂದಳು ಅಕ್ಕ. “ಬೆರಳ ಸಂದೀಲಿ ಗಾಯ ಆಗಿದ್ಯಾ ಅಂತ ದಿನಾ ಕೈಯಾಡಿಸಿ ನೋಡ್ಕೋಬೇಕು. ಅದಕ್ಕೇ ತಾನೆ ಆ ಚಿತ್ರ ಹಾಕಿರೋದು? ಹಾಗೇ ಬರಿ.”

ಹಾಗೇ ಬರೆದಳು. ಹೊಸ ಆವೃತ್ತಿ ಓದಿ ತಲೆದೂಗಿದಳು. ಆ ತಲೆದೂಗಿದ್ದನ್ನು ಪುಟದಮ್ಮ ಮನೆಯವರೆಗೂ ಜೋಪಾನವಾಗಿ ತಂದಳು.

ಪುಸ್ತಕ ಮುಗಿಯಿತು. ಅಚ್ಚುಕಟ್ಟಾಗಿಯೇ ಇತ್ತು. ಸೋಮವಾರ ಅಂಗಡಿಗಳಿಗೆ ಕಳಿಸುವುದೆಂದು ಗೊತ್ತಾಯಿತು. “ಕಣ್ಣಲ್ಲಿ ನೋಡಿದ್ದಾಯ್ತು. ಭಾನುವಾರ ಒಂದ್ಸಲ ಫೋನಿನಿಂದ ಓದಿಸಿ ಕೇಳಿಬಿಡಿ” ಎಂದಿದ್ದಳು ಹೊಸ ಆವೃತ್ತಿ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಕಾಲು ಚಾಚಿ ಕೂತಳು. ಪುಟದಮ್ಮ ಫೋನನ್ನು ಅವಳ ತೊಡೆಯ ಮೇಲಿಟ್ಟು, ಪರೀಕ್ಷೆಯ ಫಲಿತಾಂಶಕ್ಕೆ ನಿಂತವಳಂತೆ ನಿಂತಳು.

ಬಾಯಮ್ಮ ಶುರು ಮಾಡಿದಳು: “ಸಕ್ಕರೆ ಕಾಯಿಲೆ ಬ ಸೊನ್ನೆ ದ ಮೇಲೆ ಮನೆಯವರೆಲ್ಲರೂ ಒ ಸೊನ್ನೆ ದು ಮಾತು ತಿಳಿದಿರಬೇಕು.”

ಅಕ್ಕ ನೆಟ್ಟಗೆ ಕೂತಳು. “ಇನ್ನೊಂದ್ಸಲ ಹಾಕು.”

ಬಾಯಮ್ಮ ಮತ್ತೆ ಅದನ್ನೇ ಹೇಳಿದಳು. ಬಂದ ಎನ್ನುವಲ್ಲಿ ಬ ಸೊನ್ನೆ ದ. ಒಂದು ಎನ್ನುವಲ್ಲಿ ಒ ಸೊನ್ನೆ ದು. ಸ್ವಲ್ಪ ಮುಂದೆ ಹೋದರೆ, “ತ ಸೊನ್ನೆ ದೆ, ತಾಯಿ, ಅಣ್ಣ, ತ ಸೊನ್ನೆ ಗಿ, ಯಾರಿಗೇ ಕಾಯಿಲೆ ಇದ್ದರೂ...”

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಲೇ, ಇದೇನೇ, ಪುಸ್ತಕಾನೋ ಪರೀಕ್ಷೆ ಪೇಪರೋ? ಸಾಲು ಸಾಲಿಗೂ ಸೊನ್ನೆ ಕೊಟ್ಟಿದಾರಲ್ಲೇ! ಬಾ ತಸೊನ್ನೆಗಿ, ಇಲ್ಲಿ ಕೂತ್ಕೋ.”

ತಂಗಿ ಕೂರಲಿಲ್ಲ. ಅಕ್ಕ ನಗುವುದನ್ನು ನಿಲ್ಲಿಸಿದಳು. “ಯಾಕೇ? ಏನಾಯ್ತು?”

“ಇದು ಫೋನಿನ ತಪ್ಪಲ್ಲ ಅಕ್ಕ. ನನ್ನ ಬೆರಳಿನ ತಪ್ಪು.”

ಅವಳು ಕೆಲಸಕ್ಕೆ ಸೇರಿದ ಮೊದಲ ದಿನ ಕರಡಿ ಮೇಷ್ಟ್ರು ಪಕ್ಕದಲ್ಲಿ ನಿಂತು ಪದ ಹೇಳಿಕೊಟ್ಟಿದ್ದರು. ಶಾಲೆಯಲ್ಲಿ ಎಲ್ಲರೂ ಕಲಿತದ್ದು ಹಾಗೇ: ತಕಾರಕ್ಕೆ ಸೊನ್ನೆ ಕೊಟ್ಟರೆ ತಂ. “ತ ಹಾಕು. ಸೊನ್ನೆ ಕೊಡು. ದೆ ಹಾಕು. ಆಯ್ತಲ್ಲ ತಂದೆ?” ಎಂದಿದ್ದರು. ಅವಳು ಕೀಲಿಮಣೆಯ ಮೇಲೆ ಸೊನ್ನೆ ಹುಡುಕಿದಳು. ಅಂಕಿಗಳ ಸಾಲಿನ ಕೊನೆಯಲ್ಲಿ ಸಿಕ್ಕಿತು. ಒತ್ತಿದಳು. ಪರದೆಯ ಮೇಲೆ ತಂದೆ ಮೂಡಿದರು, ಯಾವ ಕುಂದೂ ಇಲ್ಲದೆ. ಆ ಕಾಲದ ಅಕ್ಷರದಲ್ಲಿ ಅಂಕಿಯ ಸೊನ್ನೆಗೂ ಅಂ ಎನ್ನುವ ಸೊನ್ನೆಗೂ ಒಂದೇ ದುಂಡು. ಅದಕ್ಕೆಂದು ಬೇರೆ ಕೀಲಿ ಇದೆಯೆಂದು ಯಾರೂ ಅವಳಿಗೆ ಹೇಳಲಿಲ್ಲ; ಹೇಳಬೇಕಾಗಿದೆಯೆಂದು ಯಾರಿಗೂ ಹೊಳೆಯಲಿಲ್ಲ. ಅಚ್ಚಾದ ಮೇಲೆ ಸೊನ್ನೆ ಸೊನ್ನೆಯೇ. ಕಾಗದ ಬಾಯಿ ತೆರೆದು ಓದುವುದಿಲ್ಲವಲ್ಲ.

ಅಂದಿನಿಂದ ಅವಳು ಟೈಪು ಮಾಡಿದ ಪ್ರತಿ ಅಂದದಲ್ಲಿ, ಪ್ರತಿ ಬಂಧುವಿನಲ್ಲಿ, ಪ್ರತಿ ಸಂಸಾರದಲ್ಲಿ ಒಂದು ಅಂಕಿ ಕೂತಿತ್ತು. ಫೋನಿನಲ್ಲಿ ಓದಲಿಕ್ಕೆಂದು ಹಳೆಯ ಕಡತಗಳನ್ನು ಹೊಸ ಅಕ್ಷರಕ್ಕೆ ಬದಲಾಯಿಸಿದ ಯಂತ್ರವೂ ಪ್ರಾಮಾಣಿಕವಾಗಿ ಸೊನ್ನೆಯನ್ನು ಸೊನ್ನೆಯಾಗಿಯೇ ಇಳಿಸಿತ್ತು.

“ನಾಳೆ ಹೋಗಿ ಹೇಳಿಬಿಡು” ಎಂದಳು ಅಕ್ಕ.

“ಏನಂತ ಹೇಳ್ಲಿ? ಬೀರು ತುಂಬ ಇರೋ ಪುಸ್ತಕ ಎಲ್ಲ ಕೆಡಿಸಿಟ್ಟಿದೀನಿ ಅಂತಾನಾ? ಮಧ್ಯಾಹ್ನದೊಳಗೆ ಆ ಕಂಪನಿಯವರು ನನ್ನ ಕುರ್ಚೀಲಿ ಕೂತಿರ್ತಾರೆ.”

“ಕೂತ್ರೆ ಕೂತ್ಕೊಳ್ಳಿ. ನನ್ನ ಪಿಂಚಣಿ ಇದೆ. ಇಬ್ಬರೂ ಗಂಜಿ ಕುಡಿಯೋಣ.”

“ಗಂಜಿ ಮಾತಲ್ಲ ಅಕ್ಕ.”

ಗಂಜಿಯ ಮಾತಲ್ಲವೆಂದು ಅಕ್ಕನಿಗೂ ಗೊತ್ತಿತ್ತು. ತಂಗಿಗೆ ಮದುವೆ ಕೂಡಿಬರಲಿಲ್ಲ, ಓದು ಅರ್ಧಕ್ಕೆ ನಿಂತಿತು. ಜಗತ್ತಿನಲ್ಲಿ ಅವಳದೆಂದು ಹೇಳಿಕೊಳ್ಳಲು ಇದ್ದದ್ದು ಕಿಟಕಿಯ ಕೆಳಗಿನ ಆ ಟೇಬಲ್ ಮತ್ತು ‘ಪುಟದಮ್ಮ ಕಟ್ಟಿದ ಪುಟದಲ್ಲಿ ತಪ್ಪಿರಲ್ಲ’ ಎಂಬ ಮಾತು.

ಸೋಮವಾರ ಅವಳು ಎಲ್ಲರಿಗಿಂತ ಮೊದಲು ಆಫೀಸಿಗೆ ಹೋದಳು. ದಾರಿಯಲ್ಲೇ ಉಪಾಯ ಹೊಳೆದಿತ್ತು. ಒಂದು ಗುರುತನ್ನು ಹುಡುಕಿ ಅದರ ಜಾಗದಲ್ಲಿ ಇನ್ನೊಂದನ್ನು ಇಡು ಎಂದರೆ ಕಂಪ್ಯೂಟರ್ ಇಡೀ ಪುಸ್ತಕದಲ್ಲಿ ಇಡುತ್ತದೆ. ಅಂಕಿಯ ಸೊನ್ನೆ ಇರುವಲ್ಲೆಲ್ಲ ಅಂ ಸೊನ್ನೆ ಇಡಲು ಹೇಳಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು. ಇಷ್ಟು ವರ್ಷದ ಕೊಳೆ ಒಂದೇ ತೊಳೆತಕ್ಕೆ ಹೋದಂತೆ ಅವಳಿಗೆ ಮೈ ಹಗುರವಾಯಿತು. ಮೊದಲ ಪ್ಯಾರಾವನ್ನು ಫೋನಿನಿಂದ ಓದಿಸಿದಳು. ಬಂದ ಮೇಲೆ, ಒಂದು ಮಾತು, ತಂದೆ, ತಂಗಿ. ಎಲ್ಲರೂ ಸರಿಯಾಗಿ ಬಂದರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು, ಫೋನನ್ನು ಆರಿಸಿದಳು. ಉಳಿದ ಪುಟಗಳ ಮೇಲೆ ಕಣ್ಣಾಡಿಸಿದಳು. ಕಣ್ಣಿಗೆ ಏನೂ ಬದಲಾಗಿರಲಿಲ್ಲ.

“ಪೂರ್ತಿ ಓದಿಸಿ ಕೇಳಿದ್ರಾ?” ಎಂದು ಹೊಸ ಆವೃತ್ತಿ ಕೇಳಿದಳು.

“ಕೇಳಿದೆ ಮೇಡಂ.”

ಮಾತು ಪೂರ್ತಿ ಸುಳ್ಳಲ್ಲ. ಕೇಳಿದ್ದು ನಿನ್ನೆಯ ಪುಸ್ತಕವನ್ನು, ಅದೂ ಮೊದಲ ಪುಟಗಳನ್ನು, ಅಷ್ಟೆ. ಮಧ್ಯಾಹ್ನದ ಹೊತ್ತಿಗೆ ಕೈಪಿಡಿ ಅಂಗಡಿಗಳಿಗೆ ಹೋಯಿತು. ಯಜಮಾನರು ಎಲ್ಲರಿಗೂ ಬಿಸ್ಕತ್ತು ತರಿಸಿದರು. ಕರಡಿ ಮೇಷ್ಟ್ರು ಎರಡು ತಿಂದು, “ಪುಟದಮ್ಮ ಇನ್ಮೇಲೆ ಪರದೆಯಮ್ಮ” ಎಂದು ಘೋಷಿಸಿದರು.

ಸಂಜೆ ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಸಂತೋಷದಲ್ಲಿ ಇದ್ದಳು.

“ನಿನ್ನ ಪುಸ್ತಕ ನಾನೇ ಅಂಗಡಿಯಿಂದ ಇಳಿಸ್ಕೊಂಡೆ ಕಣೇ! ಯಾರ ಸಹಾಯಾನೂ ಇಲ್ಲ. ಬಾಯಮ್ಮ ನೀರು ಕುಡಿದ ಹಾಗೆ ಓದ್ತಾ ಇದಾಳೆ. ಒಂದು ಸೊನ್ನೆ ಇಲ್ಲ. ಕೂತ್ಕೋ, ಕೇಳು.”

ಅಕ್ಕ ನಿಲ್ಲಿಸಿದ ಕಡೆಯಿಂದ ಬಾಯಮ್ಮ ಮುಂದುವರಿಸಿದಳು. ಕೈಕಾಲು ನಡುಕ, ತಣ್ಣನೆಯ ಬೆವರು, ಕಣ್ಣು ಕತ್ತಲೆ ಬರುವುದು. ಸಕ್ಕರೆ ಇಳಿದಾಗ ಕಾಣುವ ಲಕ್ಷಣಗಳೆಲ್ಲ ಬಂದವು. ಆಮೇಲೆ ಬಾಯಮ್ಮ ಹೇಳಿದಳು: “ರಕ್ತದ ಸಕ್ಕರೆ ಏಳು...” ಮೂಗಿನಲ್ಲಿ ಸಣ್ಣಗೆ ಏನೋ ಗುನುಗಿ, “...ಕ್ಕಿಂತ ಕೆಳಗಿಳಿದರೆ ಕೂಡಲೇ ಸಿಹಿ ತಿನ್ನಬೇಕು.”

“ಏಳಾ?” ಎಂದಳು ಅಕ್ಕ. “ಏಳಕ್ಕೆ ಇಳಿಯೋ ಹೊತ್ತಿಗೆ ನಾನು ಹೆಣ ಕಣೇ. ಎಪ್ಪತ್ತಲ್ವ ಅದು?”

ಪುಟದಮ್ಮ ಫೋನು ಕಿತ್ತುಕೊಂಡಳು. ಪರದೆಯ ಮೇಲೆ ಎಪ್ಪತ್ತೇ ಇತ್ತು. ಏಳು, ಅದರ ಪಕ್ಕ ದುಂಡಗೆ ಸೊನ್ನೆ. ಆದರೆ ಆ ಸೊನ್ನೆ ಅಂಕಿಯಾಗಿ ಉಳಿದಿರಲಿಲ್ಲ, ಅಂ ಸೊನ್ನೆಯಾಗಿತ್ತು. ಅಂಕಿಗಳನ್ನೆಲ್ಲ ಕನ್ನಡದಲ್ಲೇ ಹಾಕುವುದು ಆ ಪ್ರಕಾಶನದ ಹಳೆಯ ಹೆಮ್ಮೆ. ಬೆಳಗ್ಗೆ ಅವಳು ಸೊನ್ನೆಗಳನ್ನೆಲ್ಲ ಬದಲಿಸಿದಾಗ ಸುಳ್ಳು ಸೊನ್ನೆಗಳ ಜೊತೆಗೆ ನಿಜವಾದ ಸೊನ್ನೆಗಳೂ ಹೋಗಿದ್ದವು. ಊಟಕ್ಕೆ ಮೂವತ್ತು ನಿಮಿಷ ಮೊದಲು ಔಷಧಿ ಎಂದಿದ್ದಲ್ಲಿ ಬಾಯಮ್ಮ ಮೂರು ಎಂದಳು. ಇಪ್ಪತ್ತು ಎನ್ನುವಲ್ಲಿ ಎರಡು. ನೂರು ಎನ್ನುವಲ್ಲಿ ಒಂದು ಎಂದು ಹೇಳಿ ಎರಡು ಸಲ ಗುನುಗಿದಳು. ನಿನ್ನೆಯ ತಪ್ಪು ನಗೆ ತರಿಸುವಂಥದ್ದು. ಕೇಳಿದ ಯಾರಿಗಾದರೂ ತಪ್ಪೆಂದು ಗೊತ್ತಾಗುತ್ತಿತ್ತು. ಇವತ್ತಿನದು ಸರಿಯಾದ ಮಾತಿನ ವೇಷ ಹಾಕಿಕೊಂಡು ಕೂತಿತ್ತು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂದಂತೆ.

“ನನಗೆ ಗೊತ್ತಿರೋದಕ್ಕೆ ನಿಲ್ಲಿಸಿ ಕೇಳ್ದೆ” ಎಂದಳು ಅಕ್ಕ ನಿಧಾನವಾಗಿ. “ಹೊಸದಾಗಿ ಕಾಯಿಲೆ ಬಂದೋರು ಕೇಳ್ತಾ ಇದ್ರೆ?”

ಪುಟದಮ್ಮ ಮೆಟ್ಟಿಲಿಳಿದು ಗಡಿಯಾರದಂಗಡಿಯ ಮುಂದೆ ನಿಂತು ಫೋನು ಮಾಡಿದಳು. ಅಕ್ಕನ ಎದುರಿಗೆ ಮಾತಾಡಲು ಅವಳಿಗೆ ಬಾಯಿ ಬರಲಿಲ್ಲ.

“ಮೇಡಂ, ಆ ಪುಸ್ತಕ ವಾಪಸ್ಸು ತಗೊಳ್ಳಿ. ಈಗಲೇ.”

“ಯಾಕೆ? ಏನಾಯ್ತು?”

“ಅಂಕಿಗಳೆಲ್ಲ ತಪ್ಪಾಗಿವೆ. ನೋಡೋಕೆ ಸರಿಯಾಗಿವೆ, ಓದಿಸಿದ್ರೆ ತಪ್ಪು. ಎಪ್ಪತ್ತು ಅನ್ನೋ ಕಡೆ ಏಳು ಅನ್ನತ್ತೆ. ನಾನೇ ಮಾಡಿದ್ದು. ಆಮೇಲೆ ಬೈಯಿರಿ ಮೇಡಂ, ಮೊದಲು ತೆಗೆಸಿ.”

ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ, “ತೆಗೆಸ್ತೀನಿ. ನಾಳೆ ಬೇಗ ಬನ್ನಿ” ಎಂದು ಫೋನಿಟ್ಟಳು.

ಮರುದಿನ ಯಜಮಾನರ ಕೋಣೆಯಲ್ಲಿ ನಾಲ್ವರೂ ಸೇರಿದರು. ಪುಸ್ತಕವನ್ನು ರಾತ್ರಿಯೇ ತೆಗೆಸಿದ್ದರೂ ಅಷ್ಟರೊಳಗೆ ಕೆಲವರು ಕೊಂಡಿದ್ದರು. ಎಷ್ಟು ಜನವೆಂದು ಅಂಗಡಿಯವರು ಹೇಳಿದರು. ಯಾರೆಂದು ಹೇಳಲು ಅವರ ನಿಯಮದಲ್ಲಿ ಅವಕಾಶವಿರಲಿಲ್ಲ. ಪುಟದಮ್ಮ ಮೊದಲ ದಿನದ ‘ತ, ಸೊನ್ನೆ, ದೆ’ಯಿಂದ ಶುರು ಮಾಡಿ ನಿನ್ನೆ ಬೆಳಗಿನವರೆಗಿನದನ್ನು ಹೇಳಿ ಮುಗಿಸಿದಳು.

ಕರಡಿ ಮೇಷ್ಟ್ರು ಎದ್ದು ನಿಂತರು. ಅವರು ತಮಾಷೆ ಮಾಡದೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. “ಸೊನ್ನೆ ಕೊಡು ಅಂದೋನು ನಾನು. ಅಷ್ಟು ವರ್ಷ ಅವಳ ಕರಡು ತಿದ್ದಿದೋನೂ ನಾನೇ. ಬೈಯೋದಿದ್ರೆ ನನ್ನಿಂದ ಶುರು ಮಾಡಿ.”

“ಆ ಸೊನ್ನೆ ಬಗ್ಗೆ ನನಗೆ ಬೇಜಾರಿಲ್ಲ ಮೇಷ್ಟ್ರೇ” ಎಂದಳು ಹೊಸ ಆವೃತ್ತಿ. “ಅದು ಯಾರಿಗೆ ಬೇಕಾದ್ರೂ ಆಗೋದು. ಭಾನುವಾರವೇ ಹೇಳಿದ್ದಿದ್ರೆ ಎಲ್ಲರೂ ಕೂತು ತಿದ್ತಾ ಇದ್ವಿ.” ಪುಟದಮ್ಮನ ಕಡೆ ತಿರುಗಿದಳು. “ಪೂರ್ತಿ ಕೇಳಿದ್ರಾ ಅಂದೆ. ಕೇಳಿದೆ ಅಂದ್ರಿ.”

“ಹೌದು.”

“ಯಾವುದನ್ನ?”

“ಹಿಂದಿನ ದಿನದ್ದನ್ನ.”

ಯಜಮಾನರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಲು ಅದರಲ್ಲಿ ಏನೂ ಇರಲಿಲ್ಲ. “ಏನಮ್ಮಾ ನೀನು” ಎಂದರು. ಅಷ್ಟೇ ಎಂದರು.

ತೀರ್ಮಾನ ಹೇಳಿದವಳು ಸೊಸೆ. ಉಳಿದ ಪುಸ್ತಕಗಳು ಹೊರಗಿನ ಕಂಪನಿಗೆ ಹೋಗುತ್ತವೆ. ಕಡತಗಳಲ್ಲಿರುವ ಸೊನ್ನೆಯ ವಿಷಯವನ್ನು ತಾನೇ ಅವರಿಗೆ ತಿಳಿಸುತ್ತಾಳೆ. ಕೈಪಿಡಿಯನ್ನು ಮಾತ್ರ ಪುಟದಮ್ಮ ತಿದ್ದಬೇಕು. ಕೈಯಿಂದ, ಒಂದೊಂದೇ ಸೊನ್ನೆ ನೋಡಿ. ಅದಾದ ಮೇಲೆ ಏನೆಂದು ಆಕೆ ಹೇಳಲಿಲ್ಲ, ಪುಟದಮ್ಮನೂ ಕೇಳಲಿಲ್ಲ. ಹೊರಗೆ ಬರುವಾಗ ಹೊಸ ಆವೃತ್ತಿ ಮೆಲ್ಲಗೆ, “ನಿನ್ನೆ ಫೋನು ಮಾಡಿದ್ರಲ್ಲ, ಅದು ಒಳ್ಳೇದಾಯ್ತು” ಎಂದಳು. ಆ ಮಾತನ್ನು ಮನೆಗೆ ಒಯ್ಯಬೇಕೋ ಬೇಡವೋ ಪುಟದಮ್ಮನಿಗೆ ತಿಳಿಯಲಿಲ್ಲ.

ಮೊದಲ ಕೆಲಸ ಪುಸ್ತಕ ಕೊಂಡವರಿಗೆ ಎಚ್ಚರಿಕೆ ಬರೆಯುವುದು. ಅಂಗಡಿಯವರು ಅದನ್ನು ತಲುಪಿಸಲು ಒಪ್ಪಿದ್ದರು. ಅದನ್ನೂ ಫೋನು ಗಟ್ಟಿಯಾಗಿ ಓದಬಹುದು ಎಂದು ಪುಟದಮ್ಮ ಅಂಕಿಗಳನ್ನೆಲ್ಲ ಅಕ್ಷರದಲ್ಲೇ ಬರೆಯಲು ಕೂತಳು: ಎಪ್ಪತ್ತು, ಮೂವತ್ತು, ಇಪ್ಪತ್ತು. ‘ಒಂದು ಮುಖ್ಯ ಸೂಚನೆ’ ಎಂದು ತಲೆಬರಹ ಹಾಕಿದಳು. ಹಾಕಿ ನೋಡಿದರೆ, ಒಂದು ಎನ್ನುವಲ್ಲಿ ಬೆರಳು ಹೋಗಿ ಅಂಕಿಗಳ ಸಾಲಿನ ಕೊನೆಯಲ್ಲಿ ನಿಂತಿತ್ತು. ಇಷ್ಟೆಲ್ಲ ಆದ ಮೇಲೂ ಬೆರಳು ತನ್ನ ಪಾಡಿಗೆ ತಾನು ಸೊನ್ನೆ ಒತ್ತಿತ್ತು. ಅಳಿಸಿದಳು. ಮುಂದಿನ ಸಾಲಿನಲ್ಲಿ ಮತ್ತೆ ಒತ್ತಿದಳು.

ಸಂಜೆ ಕೀಲಿಮಣೆಯನ್ನು ಚೀಲದಲ್ಲಿ ಹಾಕಿಕೊಂಡು ಮನೆಯ ಕೆಳಗಿನ ಗಡಿಯಾರದಂಗಡಿಗೆ ಹೋದಳು. ರಿಪೇರಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸೊನ್ನೆಯ ಕೀಲಿಯನ್ನು ಒತ್ತಿ ನೋಡಿದ.

“ಇದು ಚೆನ್ನಾಗೇ ಇದೆಯಲ್ಲಮ್ಮ.”

“ಚೆನ್ನಾಗಿರೋದೇ ತೊಂದರೆ. ಕಿತ್ತುಬಿಡಿ.”

ಅವನು ಚಿಮಟದಿಂದ ಎತ್ತಿ ಟಕ್ಕೆಂದು ಕಿತ್ತ. ಕಿತ್ತ ಜಾಗದಲ್ಲಿ ಸಣ್ಣ ರಬ್ಬರಿನ ಮೊನೆ ಉಳಿಯಿತು. “ಹಲ್ಲು ಕಿತ್ತ ಮೇಲೆ ನಾಲಿಗೆ ಅಲ್ಲಿಗೇ ಹೋಗತ್ತೆ, ನೋಡ್ತಿರಿ” ಎಂದು ಕೀಲಿಯನ್ನು ಅವಳ ಅಂಗೈಯಲ್ಲಿಟ್ಟ.

ಹಾಗೇ ಆಯಿತು. ಬೆರಳು ಆ ಗುಳಿಗೆ ಹೋಗುವುದು, ಏನೂ ಸಿಗದೆ ಬೆಚ್ಚುವುದು, ಹಿಂದೆ ಬಂದು ಸರಿಯಾದ ಕೀಲಿಯನ್ನು ಹುಡುಕುವುದು. ನಿಜವಾದ ಸೊನ್ನೆ ಬೇಕಾದಾಗ ಪೆನ್ನಿನ ಮೂತಿಯಿಂದ ಆ ಮೊನೆಯನ್ನು ಒತ್ತಬೇಕಿತ್ತು. ಪೆನ್ನು ಎತ್ತುವ ಮೊದಲು ಇದು ಅಂಕಿಯೋ ಅಕ್ಷರವೋ ಎಂದು ಕೇಳಿಕೊಳ್ಳದೆ ದಾರಿಯಿರಲಿಲ್ಲ. ಒಂದು ದಿನದಲ್ಲಿ ಕಟ್ಟುತ್ತಿದ್ದ ಪುಟಗಳಿಗೆ ಈಗ ವಾರ ಹಿಡಿಯಿತು. ಕಿಟಕಿಯ ಆ ಬದಿಯಿಂದ ಮೇಷ್ಟ್ರು ಪುಸ್ತಕ ಹಿಡಿದು ಓದಿ ಹೇಳುತ್ತಿದ್ದರು. ಅಂಥ ಪದ ಬಂದಾಗ ಗಂಟಲು ಸರಿಮಾಡಿಕೊಂಡು, “ತ. ಅನುಸ್ವಾರ. ದೆ” ಎನ್ನುತ್ತಿದ್ದರು. ಸೊನ್ನೆ ಎನ್ನುವ ಮಾತನ್ನು ಅವರ ಬಾಯಲ್ಲಿ ಮತ್ತೆ ಯಾರೂ ಕೇಳಲಿಲ್ಲ. ನಡುವೆ ಒಂದು ದಿನ ಕಂಪನಿಯವರು ಬಂದು ಬೀರುವಿನ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಹೋದರು. ಪುಟದಮ್ಮ ತಲೆ ಎತ್ತಲಿಲ್ಲ.

ಎಚ್ಚರಿಕೆ ಕಳಿಸಿಯಾಗಿತ್ತು. ತಿರುಗಿ ಯಾರೂ ಬರೆಯಲಿಲ್ಲ.

ಕೈಪಿಡಿ ಮುಗಿದ ದಿನ ಅದನ್ನು ಮೊದಲಿನಿಂದ ಕೊನೆಯವರೆಗೆ ಅಕ್ಕನ ಮುಂದೆ ಓದಿಸಿದಳು. ಈ ಸಲ ಅವಳೂ ಕಣ್ಣು ಮುಚ್ಚಿಕೊಂಡು ಕೂತಳು. ತಂದೆ ಬಂದರು, ತಂಗಿ ಬಂದಳು. ಬಾಯಮ್ಮ ನಡುಕ, ಬೆವರು, ಕಣ್ಣು ಕತ್ತಲೆಗಳನ್ನು ದಾಟಿ, “ಎಪ್ಪತ್ತಕ್ಕಿಂತ ಕೆಳಗಿಳಿದರೆ” ಎಂದಳು. ಅಕ್ಕ ಕೈ ಎತ್ತಿದಳು. ಪುಟದಮ್ಮ ಓದು ನಿಲ್ಲಿಸಿದಳು.

“ಸರಿಯಾಗಿದೆ” ಎಂದಳು ಅಕ್ಕ.

“ಯಾರೂ ಬರೆದಿಲ್ಲ ಅಕ್ಕ, ಇಲ್ಲಿವರೆಗೂ.”

“ಬರೀಲಿಲ್ಲ ಅಂದ್ರೆ ಚೆನ್ನಾಗಿದಾರೆ ಅಂತ ಅರ್ಥ.”

“ಇಲ್ಲಾಂದ್ರೆ...”

ಟೆಲಿಫೋನ್ ಬೋರ್ಡಿನ ಮುಂದೆ ಕೂತ ಕಾಲದಲ್ಲಿ ಎಷ್ಟೋ ಸಲ ಗಂಟೆ ಬಾರಿಸಿದರೂ ಆ ಕಡೆ ಯಾರೂ ಎತ್ತದೇ ಇದ್ದದ್ದು ಅಕ್ಕನಿಗೆ ಗೊತ್ತಿತ್ತು. ಕೈ ಚಾಚಿ ತಂಗಿಯ ಬೆರಳು ಹುಡುಕಿ ಹಿಡಿದುಕೊಂಡಳು. ಬಲಗೈಯ ಕಿರುಬೆರಳ ತುದಿ ಕಿತ್ತ ಕೀಲಿಯ ಗುಳಿಗೆ ಉಜ್ಜಿ ಉಜ್ಜಿ ಒರಟಾಗಿತ್ತು.

“ಪೂರ್ತಿ ಕೇಳ್ಬೇಕು ತಾನೆ?” ಎಂದಳು ಅಕ್ಕ. “ಹಾಕು ಮುಂದಕ್ಕೆ.”